ಎಂಟು ತಿಂಗಳ ಕೂಸು ಕರ್ಕೊಂಡು ಡಿಸೆಂಬರ್‌ದಾಗ ಎಲ್ಲಿಗೆ ಹೋಗೂದ್ರಿ? (ವಿಜಯಪುರದಿಂದ)

ಗುಮ್ಮಟದ ಊರಾಕಿ

ನಮಸ್ಕಾರ ಎಲ್ಲಾರಿಗೂ. ನಮ್ಮ ಮಗಳಿಗೆ ಈಗ ಎಂಟು ತಿಂಗಳು ನಡದಾವ, ಕುಂಡ್ರತಾಳ, ಅಂಬೆಗಾಲು ಇನ್ನೂ ಇಲ್ಲ, ಕೈಗೆ ಸಿಕ್ಕದ್ದೆಲ್ಲಾ ಬಾಯಿಗೆ. ಬಾಣಂತನ ಮುಗಿಸಿ ತವರುಮನಿಯಿಂದ ಬಂದ ಮ್ಯಾಲ ನಾ ಹೊಸ್ತಿಲ ದಾಟಿದ್ದಂದ್ರ ಕೂಸಿಗೆ ಇಂಜೆಕ್ಷನ್ ಮಾಡಸಾಕ ಮತ್ತ ಸಿದ್ಧೇಶ್ವರ ಗುಡಿಗೆ, ಅಷ್ಟ. ಡಿಸೆಂಬರ್ ಕೊನಿಗೆ ನಮ್ಮ ಮನಿಯವ್ರಿಗೆ ಮೂರ್ನಾಲ್ಕು ದಿನ ರಜಾ ಸಿಗತೈತಿ, ಎಲ್ಲೆರ ಹೋಗೂಣು ಅಂತ ಮಾತು ಎತ್ತಿದ್ದ ತಡ, ಮನ್ಯಾಗ ಮೂರು ಪಾರ್ಟಿ ಆಗ್ಯಾವ ನೋಡ್ರಿ.

ಮನಿಯವ್ರದು ಗೋವಾ ಪಾರ್ಟಿ. ಕಾರ್ ತಗೊಂಡು ಬೆಳಗಾವಿ, ಚೋರ್ಲಾ ಘಾಟ್ ಮ್ಯಾಲ ಹೋಗಿಬಿಡೂಣು, ಬರೂ ಬ್ಯಾಸಿಗಿಗೆ ಲೇಹ್, ಆಮ್ಯಾಲ ಕೂಸು ಶಾಲಿಗೆ ಹೋಗೂದ್ರೊಳಗ ಸ್ವಿಟ್ಜರ್‌ಲ್ಯಾಂಡ್ ಅಂತಾರ. ಮದುವಿಗೆ ಮೊದಲ ಬೈಕ್ ಮ್ಯಾಲ ತಿರಗಿದ ಮನಶ್ಯಾ ಅವ್ರು, ಗ್ವಾಡಿಗೆ ದೊಡ್ಡ ಮ್ಯಾಪ್ ಹಚ್ಚಿ ಹೋಗಿ ಬಂದಲ್ಲಿ ಹಸರು ಪಿನ್ನು, ಹೋಗೂದಿದ್ದಲ್ಲಿ ಕೆಂಪು ಪಿನ್ನು ಚುಚ್ಚ್ಯಾರ. ಕೂಸು ಕಿತ್ತಿ ನುಂಗೀತು ಅಂತ ನಾನ ಎಲ್ಲಾ ತಗದು ಡಬ್ಬಿಗೆ ಹಾಕೀನಿ, ಅದಕ್ಕೂ ಒಂದು ದಿನ ಮಾತು ಬಿಟ್ಟಿದ್ರು.

ಅತ್ತಿಯವ್ರದು ಬ್ಯಾರೆ ಪಾರ್ಟಿ. ಜವಳ ತಗಸೂತನ ಕೂಸಿನ್ನ ಹೊಳಿ ದಾಟಸಬಾರದು ಅಂತಾರ. ನಮ್ಮ ಮನಿದೇವರು ಬಾದಾಮಿ ಬನಶಂಕರಿ, ಮೊದಲ ಅಲ್ಲಿ ಜವಳ ಆಗಲಿ, ಮುಂದ ಬೇಕಾದಲ್ಲಿ ಹೋಗ್ರಿ ಅಂತ. ಅಲ್ರೀ ಅತ್ತಿ, ಬಾದಾಮಿಗೆ ಹೋಗಬೇಕಂದ್ರೂ ಕೃಷ್ಣಾ ಹೊಳಿ ದಾಟಲೇಬೇಕಲ್ಲ ಅಂದ್ರ, ದೇವರ ಕೆಲಸಕ್ಕ ದಾಟಿದರ ನಡೀತೈತಂತ.

ನನ್ನ ಪಾರ್ಟಿ ಅಂದ್ರ ನಾ ಒಬ್ಬಾಕೀನ. ಎಲ್ಲಿಗಾದರೂ ಸರಿ, ಮೂರು ಹೊತ್ತು ಒಲಿ ಮುಂದ ನಿಂದ್ರೂದು ತಪ್ಪಿದರ ಸಾಕು. ಆದರ ಕೂಸಿನ ಊಟದ್ದು ಹೆಂಗ, ಹೊಸಾ ಜಾಗಾದಾಗ ನಿದ್ದಿ ಹೆಂಗ, ಕಾರ್ ಛಲೋನೋ ರೈಲು ಛಲೋನೋ, ಥಂಡಿಯೊಳಗ ಶೀತ ಗೀತ ಆದರ ಏನ್ ಮಾಡೂದು, ಇದೆಲ್ಲಾ ತಲಿಯೊಳಗ ಕುಣ್ಯಾಕತ್ತಾವ. ಸಣ್ಣ ಕೂಸು ಕರ್ಕೊಂಡು ತಿರಗಿದವ್ರು ಇದ್ದರ ಹೇಳ್ರಿ.

ಬಾಗಲಕೋಟಿ ಅಕ್ಕ

ತಂಗಿ, ನಿಮ್ಮ ಅತ್ತಿಯವರ ಮಾತಿನ್ಯಾಗ ನಿನಗ ಬೇಕಾದ ಟೂರ್ ಐತಿ, ನೀ ನೋಡಿಲ್ಲ ಅಷ್ಟ. ಜವಳಕ್ಕಂತ ಬಾದಾಮಿಗೆ ಹೋಗ್ರಿ, ಎರಡು ರಾತ್ರಿ ಅಲ್ಲೇ ಇರ್ರಿ, ದೇವರೂ ಆತು ತಿರಗ್ಯಾಟನೂ ಆತು, ಅತ್ತಿಯವ್ರೂ ಜೋಡಿಗೆ ಬಂದ್ರ ಕೂಸಿನ್ನ ಹಿಡ್ಯಾಕ ಎರಡು ಕೈ ಜಾಸ್ತಿ. ಮುಂಜಾನಿ ಹೋಗಿ ಸಂಜಿಗೆ ಬರೂ ಕೆಲಸಾ ಮಾತ್ರ ಮಾಡಬ್ಯಾಡ್ರಿ, ಸಣ್ಣ ಕೂಸಿಗೆ ಅದಕ್ಕಿಂತ ಕೆಟ್ಟದ್ದು ಇಲ್ಲ.

ಬನಶಂಕರಿ ಬಾದಾಮಿಯಿಂದ ಐದು ಕಿಲೋಮೀಟರ್, ಚೊಳಚಗುಡ್ಡದಾಗ. ಮಂಗಳವಾರ, ಶುಕ್ರವಾರ, ಹುಣ್ಣಿಮಿ ಬಿಟ್ಟು ಬ್ಯಾರೆ ದಿನಾ ನೋಡ್ರಿ. ಬನದ ಹುಣ್ಣಿಮಿ ಜಾತ್ರಿ ಜನೆವರಿ ಸುಮಾರಿಗೆ ಬರತೈತಿ, ಅದರ ಹತ್ತರ ಹೋದ್ರ ಕೂಸು ಎತ್ತಿಕೊಂಡು ನಿಂದರಾಕೂ ಜಾಗಾ ಸಿಗೂದಿಲ್ಲ, ಜವಳದ ಮಾತ ಬಿಡು. ಜವಳ ತಗಿಯಾಂವಗ ಹೊಸಾ ಬ್ಲೇಡ್ ಹಾಕ್ಸು, ಬಿಚ್ಚೂದು ನಿನ್ನ ಕಣ್ಣ ಮುಂದನ ಆಗಬೇಕು, ನಾಚಿಕಿ ಪಡಬ್ಯಾಡ. ಕೂಸು ಅಳತೈತಿ, ಅಳಲಿ, ಹಾಲು ಕುಡದು ಹೊಟ್ಟಿ ತುಂಬಿದಾಗ ಕುಂಡ್ರಸು. ಬೋಳು ತಲಿಗೆ ಥಂಡಿ ಹತ್ತತೈತಿ ಅದಕ್ಕ ಕುಂಚಗಿ ಎರಡು ಇಟ್ಕೊ, ಒಂದು ತೊಯ್ದರ ಇನ್ನೊಂದು.

ಗುಡಿ ಮುಂದ ಬುಟ್ಟಿ ಇಟ್ಕೊಂಡು ರೊಟ್ಟಿ ಮಾರೂ ಅವ್ವಂದಿರು ಇರ್ತಾರಲ್ಲ, ಅಲ್ಲೇ ಉಣ್ರಿ ನೀವು. ಜ್ವಾಳದ ರೊಟ್ಟಿ, ಪುಂಡಿಪಲ್ಲೆ, ಕೆಂಪು ಖಾರ, ಸಣ್ಣ ಗಡಗಿಯೊಳಗ ಗಟ್ಟಿ ಮೊಸರು. ಅಂಗೈ ಮ್ಯಾಲ ರೊಟ್ಟಿ ಹಾಕಿ, ಅದರ ಮ್ಯಾಲನ ಪಲ್ಲೆ ಹಾಕಿ ಕೊಡತಾರ, ತಾಟು ಗೀಟು ಏನಿಲ್ಲ, ನಿನಗ ತೊಳಿಯೂ ಭಾಂಡೆ ಒಂದೂ ಇಲ್ಲ, ಇದಕ್ಕಿಂತ ದೊಡ್ಡ ರಜಾ ಬೇಕೇನು. ಕೂಸಿಗೆ ಮಾತ್ರ ಆ ಮೊಸರು ಬ್ಯಾಡ, ಎಷ್ಟೊತ್ತು ಹೊರಗ ಇಟ್ಟಿರ್ತಾರೋ ಏನೋ.

ಮರುದಿನ ಪಟ್ಟದಕಲ್ಲಿಗೆ ಹೋಗ್ರಿ, ಇಪ್ಪತ್ತು ಇಪ್ಪತ್ತೆರಡು ಕಿಲೋಮೀಟರ್. ಕೂಸು ಇದ್ದವ್ರಿಗೆ ನಮ್ಮ ಜಿಲ್ಲಾದಾಗ ಅದಕ್ಕಿಂತ ಛಲೋ ಜಾಗಾ ಇಲ್ಲ ಅಂತ ನಾ ಅಂತೀನಿ. ಎಲ್ಲಾ ಗುಡಿ ಒಂದ ಕಡೆ, ನೆಲ ಸಮ, ಹುಲ್ಲಿನ ಹಾಸು, ಹಿಂದ ಮಲಪ್ರಭಾ ಹೊಳಿ. ವಿರೂಪಾಕ್ಷ ಗುಡಿ ಒಳಗ ಹೋದ್ರ ಮಧ್ಯಾಹ್ನದಾಗೂ ತಂಪ, ಆ ಕಂಬದ ಮಗ್ಗಲಕ ಚಾದರ ಹಾಸಿ ನಮ್ಮ ಮೊಮ್ಮಗನ್ನ ಕುಂಡ್ರಿಸಿದ್ವಿ, ಕಂಬದ ಮ್ಯಾಲಿನ ಆನಿ ಕುದರಿ ಬೆರಳಲೇ ತಡಕೋತ ತಾಸು ಗಟ್ಲೆ ಕುಂತಿದ್ದ. 1987ರಾಗ ಯುನೆಸ್ಕೋದವ್ರು ಪಟ್ಟಿಗೆ ಹಾಕಿದ್ದು ಯಾಕೋ ಅವರಿಗೆ ಗೊತ್ತು, ನನಗ ಮಾತ್ರ ಆ ಹುಲ್ಲು ಮತ್ತ ನೆಳ್ಳು ಸಾಕು. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಬಾದಾಮಿ ಗುಹಾಕ್ಕ ಹೋಗೂದಿದ್ರ ತಳ್ಳೂ ಗಾಡಿ ರೂಮಿನ್ಯಾಗ ಬಿಡ್ರಿ, ಬರೇ ಮೆಟ್ಟಲ. ಮೂರನೇ ಗುಹಾ ಎಲ್ಲಾದರಕಿಂತ ದೊಡ್ಡದು, ಚಾಲುಕ್ಯರ ಮಂಗಳೇಶ ಮಾಡಿಸಿದ್ದು, 578ರ ಶಾಸನ ಐತಿ ಅದರಾಗ, ನೋಡೂವಂಥಾದ್ದ. ಆದರ ಮಂಗ್ಯಾ! ಒಮ್ಮಿ ನಮ್ಮ ಕಣ್ಣ ಮುಂದ ಒಂದು ಹೆಣ್ಮಗಳ ಹೆಗಲಿಂದ ಚೀಲಾ ಜಗ್ಗಿ, ಹಾಲಿನ ಬಾಟ್ಲಿ ತಗದು, ಮುಚ್ಚಳ ತಿರಿವಿ ತಿರಿವಿ ಬಿಚ್ಚಿ, ಕೂಸಿನಂಗ ಎರಡೂ ಕೈಲೆ ಹಿಡಕೊಂಡು ಕುಡದು, ಖಾಲಿ ಬಾಟ್ಲಿ ಕೆಳಗ ಒಗೀತು. ಬಾಟ್ಲಿ, ಬಿಸ್ಕೀಟು, ಪ್ಲಾಸ್ಟಿಕ್ ಕವರ್ ಕೈಯಾಗ ಕಾಣಸಬಾರದು. ಒಬ್ಬರು ಕೂಸಿನ ಜೋಡಿ ಕೆಳಗ ಕುಂಡ್ರಿ, ಒಬ್ಬರು ಮ್ಯಾಲ ಹೋಗಿ ಬರ್ರಿ, ಪಾಳಿ ಹಚ್ಚಿ ನೋಡ್ರಿ.

ವಿಜಯಪುರದಿಂದ ಗದಗ ಹುಬ್ಬಳ್ಳಿ ಕಡೆ ಹೋಗೂ ರೈಲು ಬಾದಾಮಿ ಮ್ಯಾಲನ ಹೋಗತಾವ, ಟೇಶನ್ ಊರಿಂದ ಸ್ವಲ್ಪ ದೂರ, ಹೊರಗ ಆಟೋ ಸಿಗತಾವ.

ಸುಮ್ನ ಕುಂತಾಂವ

ಎಂಟು ತಿಂಗಳ ಕೂಸಿಗೆ ಪಟ್ಟದಕಲ್ಲೂ ಅಷ್ಟ, ನಿಮ್ಮ ಮನಿ ಪಡಸಾಲಿನೂ ಅಷ್ಟ. ನಾಳೆ ಅದಕ್ಕ ನೆನಪ ಇರತೈತೇನ್ರಿ? ರೊಕ್ಕ ಉಳಸ್ರಿ, ಐದು ವರ್ಷ ಆದ ಮ್ಯಾಲ ಹೋಗ್ರಿ.

ಬಾಗಲಕೋಟಿ ಅಕ್ಕ

ತಮ್ಮಾ, ಟೂರ್ ಕೂಸಿಗಂತ ಯಾರಂದ್ರು? ಅದರ ಅವ್ವಗ. ಎಂಟು ತಿಂಗಳ ನಾಲ್ಕು ಗ್ವಾಡಿ ನೋಡಿ ನೋಡಿ ಕುಂತಾಕಿಗೆ ನೀ ಇನ್ನ ಐದು ವರ್ಷ ಕುಂಡ್ರು ಅಂತೀಯಲ್ಲ, ನಿನ್ನ ಹೆಸರಿಗೆ ತಕ್ಕ ಮಾತು ಬಿಡು.

ಬೆಳಗಾವಿ ಸಿಸ್ಟರ್

ನಾ ಮಕ್ಕಳ ವಾರ್ಡಿನ್ಯಾಗ ಕೆಲಸಾ ಮಾಡತೀನ್ರಿ, ಅದಕ್ಕ ಒಂದೀಟು ಹೇಳತೀನಿ, ಉದ್ದ ಆದ್ರ ಸಿಟ್ಟಾಗಬ್ಯಾಡ್ರಿ. ಮೊದಲ, ಒಂಬತ್ತು ತಿಂಗಳಿಗೆ ದಡಾರ–ರುಬೆಲ್ಲಾ ಇಂಜೆಕ್ಷನ್ ಇರತೈತಿ, ನಿಮ್ಮ ಲೆಕ್ಕದಾಗ ಅದು ಸರಿಯಾಗಿ ಡಿಸೆಂಬರ್‌ಕ್ಕ ಬರತೈತಿ. ಇಂಜೆಕ್ಷನ್ ಮಾಡಿಸಿ ಮರುದಿನನ ಗಾಡಿ ಹತ್ತಬ್ಯಾಡ್ರಿ. ಈ ಇಂಜೆಕ್ಷನ್ನಿಗೆ ಜ್ವರ ಬಂದ್ರ ಅವತ್ತ ಬರೂದಿಲ್ಲ, ವಾರ ಹತ್ತು ದಿನಾ ಆದ ಮ್ಯಾಲೂ ಬರಬಹುದು, ಹಂಗಾಗಿ ತಾರೀಖು ನಿಮ್ಮ ಡಾಕ್ಟರ್ ಜೋಡಿ ಕುಂತು ಹೊಂದಸ್ಕೊಳ್ರಿ. ಜ್ವರದ ಔಷಧ ಕೂಸಿನ ತೂಕಾ ನೋಡಿ ಎಷ್ಟು ಹನಿ ಅಂತ ಅವರ ಕಡೆನ ಬರಸ್ಕೊಂಡು ಚೀಲದಾಗ ಇಟ್ಕೊಳ್ರಿ.

ಊಟದ್ದು ಅಂಜಬ್ಯಾಡ್ರಿ. ಆರು ತಿಂಗಳತನ ಎದಿಹಾಲು ಬಿಟ್ಟರ ನೀರೂ ಬೇಕಿಲ್ಲ, ಈಗ ಮ್ಯಾಲಿನ ಊಟ ಸುರು ಆಗಿರತೈತಿ. ಮೆತ್ತನ್ನ ಅನ್ನ, ಖಾರ ಹಾಕದ ಬ್ಯಾಳಿ ಕಟ್ಟು, ಒಂದು ಚಮಚ ತುಪ್ಪ, ಇಷ್ಟು ಯಾವ ಖಾನಾವಳಿಯಾಗೂ ಮಾಡಿ ಕೊಡತಾರ, ಒಗ್ಗರಣಿ ಹಾಕೂ ಮುಂಚೆ ಒಂದು ಬಟ್ಟಲಾ ತಗದು ಇಡ್ರಿ ಅಂತ ಮೊದಲ ಹೇಳಬೇಕು. ಬಾಳಿಹಣ್ಣು ಎಲ್ಲಾ ಕಡೆ ಸಿಗತೈತಿ, ಸಿಪ್ಪಿ ಅದರದ ಮುಚ್ಚಳಿಕಿ. ರಾಗಿ ಹಿಟ್ಟು ಹುರದು ಡಬ್ಬಿಗೆ ಹಾಕ್ಕೊಂಡು, ಬಿಸಿನೀರಿನ ಫ್ಲಾಸ್ಕ್ ಮತ್ತ ಸಣ್ಣ ಕರೆಂಟ್ ಕೆಟಲ್ ಇಟ್ಕೊಂಡ್ರ ರೂಮಿನ್ಯಾಗನ ಅಂಬಲಿ ಆಗತೈತಿ. ಜೇನುತುಪ್ಪ ನೆಕ್ಕಸೂದು ವರ್ಷ ತುಂಬೂತನ ಬ್ಯಾಡ, ದೇವರ ತೀರ್ಥದಾಗ ಇದ್ದರೂ ಬ್ಯಾಡ. ಹೊಟ್ಟಿ ಕೆಟ್ಟರ ಓಆರ್‌ಎಸ್ ಪುಡಿ, ದೊಡ್ಡ ಪ್ಯಾಕೆಟ್ ಆದ್ರ ಇಡೀ ಪ್ಯಾಕೆಟ್ ಒಂದು ಲೀಟರ್ ನೀರಿಗೆ, ಅರ್ಧ ಪ್ಯಾಕೆಟ್ ಒಂದು ಲೋಟಕ್ಕ ಹಾಕಿ ಕುಡಸಿ ಕೂಸಿನ್ನ ಕರ್ಕೊಂಡು ಬರೂ ಮಂದಿ ಭಾಳ. ಮೆಡಿಕಲ್‌ದಾಗ ಡಬ್ಬಿಯೊಳಗ ಸಿಗೂ ಸಿಹಿ ಜ್ಯೂಸ್ ಅದಕ್ಕ ಸಾಟಿ ಅಲ್ಲ.

ಕಾರಿನ್ಯಾಗ ಹೋಗೂದಾದ್ರ ಕೂಸಿನ್ನ ಮುಂದಿನ ಸೀಟಿನ್ಯಾಗ ತೊಡಿ ಮ್ಯಾಲ ಕುಂಡ್ರಿಸ್ಕೊಂಡು ಹೋಗೂದು ಬಂದ್ ಮಾಡ್ರಿ ದಯವಿಟ್ಟು, ನಾ ನೋಡಬಾರದ್ದು ನೋಡೀನಿ. ಮಕ್ಕಳ ಕಾರ್ ಸೀಟು ಹಿಂದಿನ ಸೀಟಿಗೆ, ಹಿಂದಕ್ಕ ಮಾರಿ ಮಾಡಿ ಕಟ್ಟಬೇಕು. ಎರಡು ತಾಸಿಗೊಮ್ಮಿ ನಿಂದರಸಿ ಹೊರಗ ತಗೀರಿ. ಬೆಳಗಾವಿಯೊಳಗ ಇವನ್ನ ಬಾಡಗಿಗೂ ಕೊಡತಾರ, ನಿಮ್ಮಲ್ಲೂ ವಿಚಾರಸ್ರಿ.

ಲೇಹ್ ಅಂತ ಬರದಾರಲ್ಲ, ಅದು ಬ್ಯಾಡ. ವಿಜಯಪುರ ಸುಮಾರು 600 ಮೀಟರ್ ಎತ್ತರದಾಗ ಐತಿ, ಲೇಹ್ 3500. ಅಲ್ಲಿ ವಿಮಾನ ಇಳದ ದೊಡ್ಡವ್ರಿಗೇ ತಲಿ ಸಿಡೀತೈತಿ, ವಾಂತಿ ಆಗತೈತಿ, ಆದರ ಅವರು ಬಾಯಿ ಬಿಟ್ಟು ಹೇಳತಾರ. ಈ ಕೂಸು ಹೇಳೂದು ಒಂದ ರೀತಿ, ಅಳೂದು. ಹಸಿವಿಗೆ ಅಳಾಕತ್ತೈತೋ ಉಸರು ಸಾಲದ ಅಳಾಕತ್ತೈತೋ ನೀವು ಹೆಂಗ ಹಿಡೀತೀರಿ? ಮಾತು ಬರಲಿ, ತಲಿ ನೋಯಿಸತೈತಿ ಅಂತ ಹೇಳೂವಂಗ ಆಗಲಿ.

ಕೆಂಪು ಪಿನ್ನು

ಸಿಸ್ಟರ್ ನಮಸ್ಕಾರ. ಆ ಲೇಹ್ ಅಂದಾಂವ ನಾನರಿ, ಮ್ಯಾಲ ಪ್ರಶ್ನೆ ಹಾಕಿದಾಕಿ ಗಂಡ. ಆಕಿ ಇಲ್ಲಿ ಬರದಾಳ ಅಂತ ಈಗ ಗೊತ್ತಾತು, ಒಂದು ದಿನ ಅಲ್ಲ, ಬರೇ ಸಂಜಿತನ ಮಾತು ಬಿಟ್ಟಿದ್ದೆ, ಅದು ದಾಖಲಾಗಲಿ. ಲೇಹ್ ಬಿಟ್ಟೆ, ಖರೇ. ಆದರ ಗೋವಾಕ್ಕ ಏನ್ ಅಡ್ಡಿ ಹೇಳ್ರಿ? ಸಮುದ್ರ ತೋರಿಸಬೇಕು ಅಂತ ಆಕಿ ಹುಟ್ಟಿದ ದಿನಾನ ಅಂದ್ಕೊಂಡೀನಿ. ಕಾರ್ ಐತಿ, ನಾ ನಿಧಾನ ಹೊಡೀತೀನಿ.

ಟಿಳಕವಾಡಿ ಹುಡುಗ

ಅಣ್ಣಾ, ಗೋವಾಕ್ಕ ಅಡ್ಡಿ ಇಲ್ಲ, ಡಿಸೆಂಬರ್ ಕೊನೀ ವಾರಕ್ಕ ಅಡ್ಡಿ. ನಾವು ಬೆಳಗಾವಿಯವ್ರು ಗೋವಾ ಅಂದ್ರ ಹಿತ್ತಲ ಅಂತೀವಿ, ಆದರ ಕ್ರಿಸ್‌ಮಸ್ಸಿಂದ ಹೊಸಾ ವರ್ಷದತನ ನಾವ ಆ ಕಡೆ ತಲಿ ಹಾಕೂದಿಲ್ಲ. ರೂಮಿನ ರೇಟು ಒಂದಕ್ಕ ಎರಡು ಮೂರು ಪಟ್ಟು, ರಾತ್ರಿ ಡಿಜೆ, ಚೋರ್ಲಾ ಘಾಟಿನ್ಯಾಗ ಗಾಡಿ ಹಿಂದ ಗಾಡಿ, ಅಲ್ಲಿ ಕೂಸು ಹಾಲಿಗೆ ಅಳಾಕ ಹತ್ತಿದ್ರ ಗಾಡಿ ಬಾಜೂಕ ಹಚ್ಚಾಕ ಜಾಗಾ ಇರೂದಿಲ್ಲ. ಕಳೆದ ವರ್ಷ ನಮ್ಮ ಕಾಕಾನ ಮಗ ಹೋಗಿದ್ದ, ಹೋಟೆಲಿನವ್ರು ಫೋನಿನ್ಯಾಗ ತೊಟ್ಟಿಲಾ ಕೊಡತೀವಿ ಅಂದ್ರು, ಹೋಗಿ ನೋಡಿದ್ರ ಮುರದ ಕಂಬಿ ಇದ್ದ ಮಂಚ, ಕೂಸಿನ ತಲಿ ಹೊರಗ ಬರೂವಂಗ ಸಂದಿ, ಕಡೀಕ ನೆಲದ ಮ್ಯಾಲ ಹಾಸಿ ಮಲಗಿದ್ರು. ಎಲ್ಲಿಗೆ ಹೋದ್ರೂ ತೊಟ್ಟಿಲದ ಫೋಟೋ ವಾಟ್ಸಾಪಿಗೆ ಹಾಕ್ರಿ ಅಂತ ಕೇಳ್ರಿ, ಇಲ್ಲಂದ್ರ ಮನಿಯಿಂದ ಸೀರಿ ಒಯ್ದು ಜೋಳಿಗಿ ಕಟ್ಟೂದು ವಾಸಿ, ಕಟ್ಟಾಕ ಗಟ್ಟಿ ಕೊಕ್ಕಿ ಐತೇನು ನೋಡಿ.

ಫೆಬ್ರುವರಿಯೊಳಗ ಹೋಗ್ರಿ. ಅದೂ ರೈಲಿಗೆ ಹೋಗ್ರಿ. ಬೆಳಗಾವಿಯಿಂದ ಲೋಂಡಾ, ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳೀತೈತಿ, ದೂಧಸಾಗರದ ಮುಂದನ ಹಾದು ಹೋಗತೈತಿ, ಆದರ ಫೆಬ್ರುವರಿಯಾಗ ನೀರು ಸಣ್ಣ ಆಗಿರತೈತಿ, ಮಳಿಗಾಲದಾಗ ನೋಡಿದ್ದು ಹಂಗಿರೂದಿಲ್ಲ, ಆಸೆ ಹಚ್ಕೊಂಡು ಕುಂಡ್ರಬ್ಯಾಡ್ರಿ. ಐದು ವರ್ಷದೊಳಗಿನ ಮಕ್ಕಳಿಗೆ ಬರ್ಥ್ ಬ್ಯಾಡಂದ್ರ ರೈಲಿನ್ಯಾಗ ಟಿಕೆಟ್ ಇಲ್ಲ, ಕೆಳಗಿನ ಬರ್ಥ್ ಸಿಕ್ರ ಕೂಸಿನ್ನ ಗ್ವಾಡಿ ಕಡೆ ಮಲಗಿಸಿ ಅವರ ಅವ್ವ ಈ ಕಡೆ. ಕಾರಿನ್ಯಾಗ ಕಟ್ಟಿ ಹಾಕಿದ ಕೂಸು ಅಳತೈತಿ, ರೈಲಿನ್ಯಾಗ ಇಡೀ ಬೋಗಿ ಮಂದಿ ಅದನ್ನ ಎತ್ತಿ ಆಡಸತಾರ. ಘಾಟಿನ್ಯಾಗ ವಾಂತಿ ಅಂತ ಎಲ್ಲಾರೂ ಅಂಜಸತಾರ, ಎರಡು ವರ್ಷದೊಳಗಿನ ಕೂಸಿಗೆ ಅದು ಅಪರೂಪ, ಆಗೂದು ಹಿಂದ ಕುಂತ ಅತ್ತಿಯವ್ರಿಗೆ 😄

ಸಮುದ್ರಕ್ಕ ಇಳಸೂದು ಮುಂಜಾನಿ ಎಂಟ ಒಂಬತ್ತರೊಳಗ, ಇಲ್ಲ ಸಂಜಿ ಹೊತ್ತು ಇಳದ ಮ್ಯಾಲ. ಕಾಲು ಅಷ್ಟ ತೋಯಸ್ರಿ. ಉಸುಕು ತಿಂತಾಳ, ತಿನ್ನಲಿ ಅನ್ನಾಕ ಬರೂದಿಲ್ಲ, ಕೈ ಬಾಯಿ ಮ್ಯಾಲ ಒಬ್ಬರ ಕಣ್ಣು ಇರಬೇಕು.

ಜಮಖಂಡಿ ಟು ಬೆಂಗಳೂರು

ಕೆಂಪು ಪಿನ್ನು ಬ್ರದರ್, ನಿಮ್ಮ ಸ್ವಿಟ್ಜರ್‌ಲ್ಯಾಂಡ್ ಪಿನ್ನಿಗೆ ಯಾರೂ ಉತ್ತರ ಕೊಡಲಿಲ್ಲಲ್ಲ, ನಾ ಕೊಡತೀನಿ. ನಾವೂ ಊರು ಬಿಟ್ಟು ಬೆಂಗಳೂರಿನ್ಯಾಗ ಇದ್ದೀವಿ, ಮಗ ಸಣ್ಣಾವ ಇದ್ದಾಗನ ಅವನ ಕಾಗದಪತ್ರ ಎಲ್ಲಾ ಮಾಡಿ ಇಟ್ವಿ, ಅದೊಂದ ಈಗ ಆರಾಮ ಅನ್ನಸತೈತಿ.

ಮೊದಲ ಜನನ ಪ್ರಮಾಣಪತ್ರ ತಗದು ನೋಡ್ರಿ, ಅದರಾಗ ಕೂಸಿನ ಹೆಸರು ಐತೋ ಇಲ್ಲೋ. ನಮ್ಮ ಕಡೆ ತೊಟ್ಟಿಲಕ್ಕ ಹಾಕಿದ ಮ್ಯಾಲ ಹೆಸರು ಇಡತೀವಿ, ದವಾಖಾನಿಯವ್ರು ಅಷ್ಟೊತ್ತಿಗೆ ನೋಂದಣಿ ಕಳಿಸಿಬಿಟ್ಟಿರತಾರ, ಹೆಸರಿನ ಜಾಗಾ ಖಾಲಿ ಉಳೀತೈತಿ, ವರ್ಷಗಟ್ಲೆ ಯಾರೂ ನೋಡೂದಿಲ್ಲ. ನೋಂದಣಿ ಆಗಿ 12 ತಿಂಗಳೊಳಗ ಹೋದ್ರ ಹೆಸರು ಪುಕ್ಕಟೆ ಸೇರಸತಾರ, ಆಮ್ಯಾಲ 15 ವರ್ಷದತನ ಲೇಟ್ ಫೀ ಕಟ್ಟಿ ಸೇರಸಬಹುದು. ನಿಮಗ ಇನ್ನ ಟೈಮ್ ಐತಿ. 2023ರ ಅಕ್ಟೋಬರ್ 1 ಮತ್ತ ಅದರ ಮ್ಯಾಲ ಹುಟ್ಟಿದವ್ರಿಗೆ ಪಾಸ್‌ಪೋರ್ಟಿಗೆ ಹುಟ್ಟಿದ ತಾರೀಖಿನ ಪುರಾವೆ ಅಂತ ಈ ಪ್ರಮಾಣಪತ್ರ ಒಂದ ನಡೀತೈತಿ, ಅದಕ್ಕ ಇದನ್ನ ಮುಂದೂಡಬ್ಯಾಡ್ರಿ.

ಕೂಸಿನ ಪಾಸ್‌ಪೋರ್ಟಿಗೆ ಅಪ್ಪ ಅವ್ವ ಇಬ್ಬರೂ ಸಹಿ ಮಾಡಿದ ಅನುಬಂಧ ಡಿ ಅನ್ನೂ ಒಪ್ಪಿಗಿ ಪತ್ರ ಬೇಕು, ಬಿಳಿ ಹಿನ್ನೆಲಿ ಫೋಟೋ ಒಯ್ಯಬೇಕು, ಐದು ವರ್ಷಕ್ಕ ಕೊಡತಾರ. ಅದಕ್ಕ ಸ್ವಿಟ್ಜರ್‌ಲ್ಯಾಂಡ್ ಇನ್ನ ನಾಲ್ಕು ವರ್ಷಕ್ಕ ಅನ್ನೂದಾದ್ರ ಈಗ ಪಾಸ್‌ಪೋರ್ಟ್ ಮಾಡಸಿ ಭಾಳ ಉಪಯೋಗಿಲ್ಲ, ಹೋಗೂ ಹೊತ್ತಿಗೆ ಅವಧಿ ಮುಗಿಯಾಕ ಬಂದಿರತೈತಿ. ಹೆಸರು ಈಗ, ಪಾಸ್‌ಪೋರ್ಟ್ ಹೋಗೂ ಹಿಂದಿನ ವರ್ಷ. ನಿಮ್ಮಿಬ್ಬರದು ಇಲ್ಲಂದ್ರ ಅದನ್ನ ಮೊದಲ ಮಾಡಸ್ರಿ.

ಲೆಕ್ಕ ಹಾಕೂದಿದ್ರ ಇದನ್ನೂ ಹಾಕ್ರಿ: ವಿಮಾನದಾಗ ಎರಡು ತುಂಬೂತನ ಕೂಸು ನಿಮ್ಮ ತೊಡಿ ಮ್ಯಾಲ, ಚಾರ್ಜೂ ಕಡಿಮಿ, ಎರಡು ತುಂಬಿದ ದಿನದಿಂದ ಅದಕ್ಕೂ ಸೀಟು ತಗೋಬೇಕು. ಹಂಗಂತ ಎರಡರೊಳಗ ಯುರೋಪಿಗೆ ಓಡಬ್ಯಾಡ್ರಿ, ಟಿಕೆಟಿನ್ಯಾಗ ಉಳಿಸಿದ್ದು ಅಲ್ಲಿ ಥಂಡಿಗೆ ಹೆದರಿ ಹೋಟೆಲ್ ರೂಮಿನ್ಯಾಗ ಕುಂತು ಕಳೀತೀರಿ. ಶೆಂಗನ್ ವೀಸಾಕ್ಕ (ಸ್ವಿಟ್ಜರ್‌ಲ್ಯಾಂಡ್ ಸೇರಿ ಯುರೋಪಿನ ಭಾಳ ದೇಶಕ್ಕ ಅದೊಂದ ವೀಸಾ) ಆರು ವರ್ಷದೊಳಗಿನ ಮಕ್ಕಳಿಗೆ ಫೀ ಇಲ್ಲ. ಅಂದ್ರ ನಾಲ್ಕು ಐದರ ನಡಕ ಹೋಗೂದು ಸರಿಯಾದ ವಯಸ್ಸು, ನಡೀತಾಳ, ಉಂತಾಳ, ಹಿಮಾ ನೋಡಿ ಏನು ಅಂತ ಕೇಳತಾಳ, ಮತ್ತ ವೀಸಾನೂ ಪುಕ್ಕಟೆ.

ಅದಕ್ಕೂ ಮೊದಲ ಒಂದು ಸಣ್ಣ ವಿಮಾನ ಮಾಡ್ರಿ, ಬೆಳಗಾವಿ ಸಾಂಬ್ರಾದಿಂದ ಇಲ್ಲ ಹುಬ್ಬಳ್ಳಿಯಿಂದ ಬೆಂಗಳೂರಿಗೆ. ಒಂದು ತಾಸಿನ ಚಿಲ್ರ ಕೆಲಸ. ಇಳಿಯೂ ಮುಂದ ಕಿವಿ ನೋಯತಾವ ಅಂತ ಕೂಸು ಅಳತೈತಿ, ಆಗ ಹಾಲು ಕುಡಸ್ರಿ, ನುಂಗಿದ್ರ ಕಿವಿ ಬಿಡತಾವ. ನಮ್ಮಾಂವ ಹತ್ತುಮುಂದನ ಹೊಟ್ಟಿ ತುಂಬ ಕುಡದು ಮಲಗಿ, ಇಳಿಯೂ ಮುಂದ ಬಾಯಿನ ತಗೀಲಿಲ್ಲ, ಅದಕ್ಕ ಹತ್ತುಮುಂದ ಪೂರಾ ಕುಡಸಬ್ಯಾಡ್ರಿ.

ಸುಮ್ನ ಕುಂತಾಂವ

ಇಷ್ಟೆಲ್ಲಾ ಓದಿ ನಮ್ಮ ಮನ್ಯಾಕಿನೂ ಈಗ ಪಟ್ಟದಕಲ್ಲಿಗೆ ಹೋಗೂಣು ಅನ್ನಾಕತ್ತಾಳ. ನಮಗ ಅವಳಿ ಅದಾವ. ಅಕ್ಕಾರ ನೀವು ಜೋಡಿಗೆ ಬರತೀರೇನು ಹಿಡ್ಯಾಕ?

ಗುಮ್ಮಟದ ಊರಾಕಿ

ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರೀ, ಇಷ್ಟು ಉತ್ತರ ಬರತಾವ ಅಂದ್ಕೊಂಡಿರಲಿಲ್ಲ, ನಮ್ಮ ಮನಿಯವ್ರು ಬರತಾರ ಅಂತನೂ ಅಂದ್ಕೊಂಡಿರಲಿಲ್ಲ. ಅಕ್ಕಾರ ಹೇಳಿದಂಗ ಬಾದಾಮಿ ಪಕ್ಕಾ ಆತು, ಎರಡು ರಾತ್ರಿ, ರೈಲಿಗೆ. ಅತ್ತಿಯವ್ರಿಗೆ ಜವಳ ಅಂದ ಕೂಡಲೇ ಎಷ್ಟು ಖುಷಿ ಆತಂದ್ರ, ಅವರ ತಂಗಿ, ತಂಗಿ ಸೊಸಿ, ಎಲ್ಲಾರಿಗೂ ಫೋನ್ ಹೋಗ್ಯಾವ, ನಾಲ್ಕು ಮಂದಿ ಇದ್ದದ್ದು ಈಗ ಹನ್ನೊಂದು ಆಗೇತಿ. ಒಂದು ರೂಮಿನ ಟೂರು ಲಗ್ನದ ದಿಬ್ಬಣ ಆಗಾಕತ್ತೈತಿ, ಆದರ ಅಡಗಿ ನಾ ಮಾಡಂಗಿಲ್ಲ ಅಂತ ಮೊದಲ ಹೇಳೀನಿ, ಉಳಿದದ್ದು ಯಾರ ಏನರ ಮಾಡ್ಕೊಳ್ಳಲಿ.

ಸಿಸ್ಟರ್, ನೀವು ಹೇಳಿದ ಮ್ಯಾಲ ಕಾರ್ಡ್ ತಗದು ನೋಡಿದೆ, ಇಂಜೆಕ್ಷನ್ ತಾರೀಖು ಡಿಸೆಂಬರ್ ಮೊದಲನೇ ವಾರಕ್ಕನ ಐತಿ, ಹಂಗಾಗಿ ಟೂರಿಗೆ ಹೋಗೂದ್ರೊಳಗ ಎರಡು ಎರಡೂವರಿ ವಾರ ಸಿಗತೈತಿ. ಜನನ ಪ್ರಮಾಣಪತ್ರನೂ ನೋಡಿದೆ ಅಣ್ಣಾ, ನೀವಂದಂಗ ಹೆಸರಿನ ಜಾಗಾ ಖಾಲಿನ ಐತಿ! ಮನಿಯವ್ರು ಸೋಮವಾರ ರಜಾ ಹಾಕಿ ಪಾಲಿಕಿಗೆ ಹೋಗತಾರಂತ. ಗೋವಾ ಫೆಬ್ರುವರಿಗೆ, ಅದಕ್ಕ ನಂದೂ ಓಟು ಐತಿ.

ಒಂದ ಪ್ರಶ್ನೆ ಉಳೀತು. ಹನ್ನೊಂದು ಮಂದಿಗೆ ಬಾದಾಮಿಯೊಳಗ ಲಾಡ್ಜ್ ನೋಡೂಣೋ, ಬನಶಂಕರಿ ಗುಡಿ ಹತ್ತರದ ಯಾತ್ರಿ ನಿವಾಸ ಥರದ್ದು ಏನರ ನೋಡೂಣೋ? ಬಿಸಿನೀರು ಬೇಕು, ಎರಿಯಾಕ.

ಬಾಗಲಕೋಟಿ ಅಕ್ಕ

ಬಾದಾಮಿ ಊರಾಗ ಇರ್ರಿ, ಟೇಶನ್ ರೋಡಿನ ಕಡೆ ಲಾಡ್ಜ್ ಅದಾವ, ರಾತ್ರಿ ಕೂಸಿಗೆ ಏನರ ಬೇಕಾದ್ರ ಮೆಡಿಕಲ್ ಹತ್ತರ ಇರತಾವ. ಬಿಸಿನೀರು ಅಂದ್ರ ಸೋಲಾರ್ ಅಂತಾರ, ಅದು ಮುಂಜಾನಿ ಹೊತ್ತು ಏರೂತನ ಉಗುರುಬೆಚ್ಚಗ ಸುದ್ದಾ ಬರೂದಿಲ್ಲ. ಗೀಸರ್ ಐತೇನು, ಕರೆಂಟ್ ಹೋದ್ರ ಜನರೇಟರ್ ಐತೇನು ಅಂತ ಕೇಳಿನ ಅಡ್ವಾನ್ಸ್ ಹಾಕ್ರಿ. ಮತ್ತ ಕೆಳಗಿನ ಮಾಳಿಗಿ ರೂಮು ಕೇಳು ತಂಗಿ, ಹನ್ನೊಂದು ಮಂದಿ ಸಾಮಾನು ಹೊರೂದು ಕಡೀಕ ನಿಮ್ಮ ಕೆಂಪು ಪಿನ್ನಿನ ಮ್ಯಾಲನ ಬರತೈತಿ. ಸುಮ್ನ ಕುಂತಾಂವಗ: ನಾ ಬರೂದಿಲ್ಲ, ಅವಳಿ ನಿಂದು, ಒಂದೊಂದು ತೊಡಿ ಮ್ಯಾಲ ಒಂದೊಂದು.